ಸಹಾಯ ಬೇಕು: ಕಾಗದದ ಮಾದರಿಯಿಂದ ನಾಟಕದ ಹೆಲ್ಮೆಟ್‌ಗೆ ಅಚ್ಚು ತೆಗೆಯುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಹವ್ಯಾಸಿ ನಾಟಕ ತಂಡದ ಸೈನಿಕ ಪಾತ್ರಗಳಿಗೆ ಒಂದೇ ಬಗೆಯ ಹತ್ತು ಹೆಲ್ಮೆಟ್‌ಗಳು ಬೇಕಾಗಿದ್ದು, ಮೂಲ ಮಾದರಿಯನ್ನು ಪೆಪಕುರಾ (ಮೂರು ಆಯಾಮದ ಆಕಾರವನ್ನು ಮಡಚಿ ಅಂಟಿಸಬಹುದಾದ ಕಾಗದದ ತುಂಡುಗಳಾಗಿ ಬಿಚ್ಚಿಡುವ) ತಂತ್ರಾಂಶದಿಂದ ಪಡೆದ ನಕ್ಷೆಗಳನ್ನು ದಪ್ಪ ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಮಡಚಿ, ಅಂಟಿಸಿ ಸಿದ್ಧಪಡಿಸಿದ್ದೇನೆ. ಕತ್ತಿನ ಅಂಚು ಅಗಲವಾಗದಂತೆ ಒಳಗೆ ರಟ್ಟಿನ ಅಡ್ಡಪಟ್ಟಿಗಳನ್ನೂ ಕೂಡಿಸಿದ್ದೇನೆ. ಇನ್ನು ಹೊರಮೈಗೆ ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ತೆಳುವಾಗಿ ಬಳಿದು, ಅದು ಗಟ್ಟಿಯಾದ ಮೇಲೆ ಒಳಗೆ ಫೈಬರ್ ಮ್ಯಾಟ್ (ಗಾಜಿನ ನಾರಿನ ಹಾಸು) ಕೂಡಿಸಿ, ಹೊರಗೆ ಕಾರಿನ ಡೆಂಟಿಂಗ್ ಕೆಲಸಕ್ಕೆ ಬಳಸುವ ಪುಟ್ಟಿ ಹಚ್ಚಿ ನುಣುಪಾಗಿ ಉಜ್ಜಿ, ಅದರಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆಯಬೇಕೆಂದಿದ್ದೇನೆ.

ನನ್ನ ಮುಖ್ಯ ಚಿಂತೆ ಮಳೆಗಾಲದ್ದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಾಗದ ತೇವ ಹೀರಿ ಸೊಟ್ಟಗಾಗುತ್ತದೆ, ತಂಪು ಹವೆಯಲ್ಲಿ ರೆಸಿನ್ ಗಟ್ಟಿಯಾಗುವುದೂ ನಿಧಾನ. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಅನ್ನು ಸಾಮಾನ್ಯವಾಗಿ ರೆಸಿನ್‌ನ ಶೇ. 1ರಿಂದ 2ರಷ್ಟು ಬೆರೆಸುತ್ತಾರೆ. ಅದಕ್ಕಿಂತ ಹೆಚ್ಚಿಸಿದರೆ ಬಿಸಿಯೇರಿ ಬಿರುಕು ಬಿಡುವ ಭಯವಿದೆ. ಈ ಹವೆಯಲ್ಲಿ ಫೈಬರ್ ಕೆಲಸ ಮಾಡಿದವರು ಯಾವ ಪ್ರಮಾಣ ಇಟ್ಟುಕೊಂಡಿರಿ, ಅಥವಾ ಬಿಸಿಲು ಬೀಳುವವರೆಗೆ ಕಾಯುವುದೇ ಸರಿಯೇ ಎಂಬುದನ್ನು ದಯವಿಟ್ಟು ತಿಳಿಸಿ. ರೆಸಿನ್‌ನ ಆವಿ ಶ್ವಾಸಕ್ಕೆ ಕೆಟ್ಟದ್ದಾದ್ದರಿಂದ ಕೆಲಸವನ್ನು ತೆರೆದ ಪಡಸಾಲೆಯಲ್ಲೇ, ರಾಸಾಯನಿಕ ಮಾಸ್ಕ್ ಧರಿಸಿ ಮಾಡುವೆನು.

ಎರಡನೆಯದು ಅಚ್ಚಿನ ಪ್ರಶ್ನೆ. ಕೆನ್ನೆಯ ಭಾಗ ಒಳಕ್ಕೆ ಬಾಗಿರುವುದರಿಂದ ಅಚ್ಚನ್ನು ಎರಡು ಭಾಗ ಮಾಡಬೇಕೆಂದು ನನಗನಿಸುತ್ತದೆ. ರಬ್ಬರಿನ ಆಕಾರ ಹಿಡಿದಿಡುವ ಹೊರಕವಚಕ್ಕೆ ಪ್ಲಾಸ್ಟರ್ ಸಾಕೇ, ಫೈಬರ್ ಬೇಕೇ? ಗದಗ ಭಾಗದಲ್ಲಿ ನಾಟಕ ಕಂಪನಿಗಳಿಗೆ ಕಿರೀಟ ಮಾಡಿಕೊಡುವವರಾಗಲಿ, ಹುಬ್ಬಳ್ಳಿಯಲ್ಲಿ ಸಿಲಿಕೋನ್ ರಬ್ಬರನ್ನು ಕಿಲೋ ಲೆಕ್ಕದಲ್ಲಿ ಮಾರುವ ಅಂಗಡಿಯಾಗಲಿ ಗೊತ್ತಿದ್ದರೆ ತಿಳಿಸಬೇಕಾಗಿ ವಿನಂತಿ.