ಗಬ್ಬದ ಬೆಕ್ಕು ಮನೆಗೆ ಬಂದಿದೆ, ಈಗೇನು ಮಾಡಲಿ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಬೀದಿಯಲ್ಲಿ ಓಡಾಡಿಕೊಂಡಿದ್ದ ಬೂದು ಬೆಕ್ಕೊಂದನ್ನು ಈಚೆಗೆ ಮನೆಗೆ ತಂದುಕೊಂಡೆವು. ತುಂಬಾ ಸಾಧು. ಹೊಟ್ಟೆ ತುಂಬಾ ಊಟ ಸಿಕ್ಕಿ ದಪ್ಪಗಾಗಿದೆ ಅಂದುಕೊಂಡಿದ್ದೆವು. ಈಗ ನೋಡಿದರೆ ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿದೆ, ಮೊಲೆತೊಟ್ಟುಗಳು ಕೆಂಪಗೆ ಎದ್ದು ಕಾಣುತ್ತಿವೆ. ಎಷ್ಟು ದಿನದ ಗಬ್ಬ ಅಂತ ಗೊತ್ತಿಲ್ಲ. ಮನೆಯಲ್ಲಿ ಮೊದಲಿಂದ ಇನ್ನೊಂದು ಬೆಕ್ಕೂ ಇದೆ. ಬೆಕ್ಕಿನ ಬಾಣಂತನ ಮಾಡಿ ಗೊತ್ತಿಲ್ಲ. ಹಾಲು, ಕ್ಯಾಲ್ಸಿಯಂ ಎಲ್ಲ ಕೊಡಬೇಕಾ? ಡಾಕ್ಟ್ರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಪಶುವೈದ್ಯೆ: ಮೊದಲು ದಿನದ ಲೆಕ್ಕ ಹಾಕೋಣ. ಬೆಕ್ಕಿನ ಗಬ್ಬ ಸುಮಾರು 63ರಿಂದ 65 ದಿನ. ಮೊಲೆತೊಟ್ಟು ಕೆಂಪಾಗುವುದು ಮೂರನೇ ವಾರದ ಹೊತ್ತಿಗೆ, ಹೊಟ್ಟೆ ಕಣ್ಣಿಗೆ ಕಾಣುವುದು ಐದನೇ ವಾರದ ಹೊತ್ತಿಗೆ. ಅಂದರೆ ನಿಮ್ಮ ಬೆಕ್ಕು ಅರ್ಧ ದಾರಿ ದಾಟಿದೆ. ಅದು ಮಲಗಿದ್ದಾಗ ಪಕ್ಕೆಯ ಮೇಲೆ ಸುಮ್ಮನೆ ಕೈ ಇಟ್ಟು ನೋಡಿ. ಒಳಗೆ ಮರಿ ಮಿಸುಕಾಡಿದ್ದು ಗೊತ್ತಾದರೆ ಇನ್ನು ಜಾಸ್ತಿ ದಿನ ಇಲ್ಲ. ಎಷ್ಟು ಮರಿ ಇದೆ ಅಂತ ಒತ್ತಿ ಒತ್ತಿ ನೋಡುವುದು ಬೇಡ.

ಈ ವಾರದಲ್ಲೇ ಒಮ್ಮೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸ್ಕ್ಯಾನ್ ಮಾಡಿದರೆ ಮರಿಗಳ ಎದೆಬಡಿತ ಕಾಣುತ್ತದೆ, ಆದರೆ ಎಣಿಕೆ ಸರಿ ಸಿಗುವುದಿಲ್ಲ. ಎಣಿಸುವುದಕ್ಕೆ ಎಕ್ಸ್‌ರೇ ಬೇಕು. 45 ದಿನ ದಾಟಿದ ಮೇಲೆ ಮರಿಗಳ ಎಲುಬು ಅದರಲ್ಲಿ ಮೂಡುತ್ತದೆ. ಎಣಿಕೆ ಯಾಕೆ ಅಂತೀರಾ? ಮೂರು ಮರಿ ಹಾಕಿ ಬೆಕ್ಕು ಸುಮ್ಮನೆ ಮಲಗಿತು ಅಂದುಕೊಳ್ಳಿ. ಮುಗಿಯಿತಾ, ಇನ್ನೊಂದು ಒಳಗೆ ಸಿಕ್ಕಿಕೊಂಡಿದೆಯಾ ಅನ್ನುವುದು ಆ ಎಣಿಕೆಯಿಂದಲೇ ತಿಳಿಯುವುದು.

ಗಬ್ಬದ ಬೆಕ್ಕು ಅಂತ ಬಾಗಿಲಲ್ಲೇ ಹೇಳಿಬಿಡಿ. ಈ ಹೊತ್ತಿನಲ್ಲಿ ಕೆಲವು ಲಸಿಕೆ ಹಾಕುವಂತಿಲ್ಲ. ಬೆಕ್ಕುಗಳಿಗೆ ವಾಂತಿ ಭೇದಿ ತರುವ ಪ್ಯಾನ್‌ಲ್ಯುಕೋಪೀನಿಯಾ ರೋಗದ ಜೀವಂತ ಲಸಿಕೆ ಹಾಕಿದರೆ ಮರಿಗಳ ಕಿರುಮೆದುಳು ಸರಿಯಾಗಿ ಬೆಳೆಯದೆ ಹೋಗಬಹುದು. ಅಂಥ ಮರಿಗಳು ಬದುಕಿದರೂ ತೂರಾಡಿಕೊಂಡೇ ನಡೆಯುತ್ತವೆ. ಜಂತುಹುಳುವಿನ ಔಷಧ, ಚಿಗಟದ ಔಷಧ ಎರಡನ್ನೂ ಅವರನ್ನು ಕೇಳಿಯೇ ಕೊಡಿ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಹನಿ ಬೆಕ್ಕಿಗೆ ವಿಷ. ಜ್ವರ, ನೋವು ಅಂತ ಪ್ಯಾರಾಸಿಟಮಾಲ್ ಚೂರು ಕೊಡುವವರಿದ್ದಾರೆ, ಅದೂ ವಿಷವೇ. ಬೀದಿಯಿಂದ ಬಂದ ಬೆಕ್ಕಾದ್ದರಿಂದ ಲ್ಯುಕೀಮಿಯಾ ವೈರಸ್ ಮತ್ತು ಎಫ್‌ಐವಿ ಪರೀಕ್ಷೆಯನ್ನೂ ಮಾಡಿಸಿ, ಎರಡೂ ಬೆಕ್ಕಿನಿಂದ ಬೆಕ್ಕಿಗೆ ಅಂಟಿ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುವ ವೈರಸ್‌ಗಳು. ನಿಮ್ಮ ಹಳೇ ಬೆಕ್ಕನ್ನು ಎರಡು ವಾರವಾದರೂ ಬೇರೆ ಕೋಣೆಯಲ್ಲಿಡಿ, ಇವಳು ಮರಿ ಹಾಕಿದ ಮೇಲೂ ಹತ್ತಿರ ಬಿಡಬೇಡಿ.

ಊಟದ ವಿಷಯ ಸುಲಭ. ಬೆಕ್ಕಿನ ಮರಿಗೆಂದು ಮಾಡಿದ ಆಹಾರವನ್ನೇ ತಾಯಿಗೆ ಕೊಡಿ. ಹೊಟ್ಟೆಯಲ್ಲಿ ಜಾಗ ಕಮ್ಮಿ, ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ. ಹಾಲು ಬೇಡ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಅರಗುವುದಿಲ್ಲ, ಭೇದಿಯಾಗುತ್ತದೆ. ಕ್ಯಾಲ್ಸಿಯಂ ಅಂತೂ ನೀವಾಗಿಯೇ ಕೊಡಲೇಬೇಡಿ. ಗಬ್ಬದಲ್ಲಿ ಹೊರಗಿನಿಂದ ಸುರಿದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಕೆಲಸವನ್ನು ಮೈ ನಿಧಾನ ಮಾಡಿಬಿಡುತ್ತದೆ. ಆಮೇಲೆ ಮರಿಗಳು ಜೋರಾಗಿ ಹಾಲು ಕುಡಿಯುವ ಹೊತ್ತಿಗೆ ರಕ್ತದಲ್ಲಿ ಅದು ದಿಢೀರನೆ ಇಳಿಯುತ್ತದೆ. ಬಾಣಂತಿ ಬೆಕ್ಕು ನಡುಗುತ್ತಾ, ಕಾಲು ಸೆಟೆದುಕೊಂಡು, ಏದುಸಿರು ಬಿಡುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಹೊರಡಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಎಕ್ಸ್‌ರೇಯಲ್ಲಿ ನಾಲ್ಕು ಮರಿ ಕಂಡವು. ಇನ್ನೊಂದು ಹತ್ತು ದಿನ ಇರಬಹುದು ಅಂದರು. ಒಳ್ಳೆ ಮೆತ್ತನೆ ಹಾಸಿಗೆ ಮಾಡಿಟ್ಟರೂ ಅದು ಬಟ್ಟೆ ಕಪಾಟಿನ ತಳಕ್ಕೇ ಹೋಗಿ ಕೂರುತ್ತದೆ. ಏನು ಮಾಡೋಣ?

ಪಶುವೈದ್ಯೆ: ಅದಕ್ಕೆ ಕತ್ತಲೆ ಬೇಕು, ನಿಮಗೆ ಮೆತ್ತನೆ ಬೇಕು. ಅದರ ಮಾತು ಕೇಳಿ! ದೊಡ್ಡ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಒಂದು ಪಕ್ಕದಲ್ಲಿ ಬೆಕ್ಕು ನುಗ್ಗುವಷ್ಟು ಬಾಗಿಲು ಕತ್ತರಿಸಿ, ಕೆಳಗೆ ನಾಲ್ಕು ಬೆರಳಿನಷ್ಟು ಹೊಸ್ತಿಲು ಉಳಿಸಿ, ಇಲ್ಲದಿದ್ದರೆ ಮರಿಗಳು ಹೊರಗೆ ಉರುಳುತ್ತವೆ. ಒಳಗೆ ಪೇಪರ್, ಅದರ ಮೇಲೆ ಹಳೇ ಕಾಟನ್ ಬಟ್ಟೆ. ನೂಲು ಬಿಟ್ಟ ಟವೆಲ್ ಬೇಡ, ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಕಪಾಟಿನಲ್ಲಿ ಜಾಗ ಇದ್ದರೆ ಆ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಬಾಗಿಲು ತೆರೆದೇ ಬಿಡಿ.

ಇನ್ನೊಬ್ಬ ಸದಸ್ಯೆ: ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ ಮೇಡಂ. ನಮ್ಮ ಮನೆಯಲ್ಲೂ ಹೀಗೇ ಒಂದು ಬಂದು ಸೇರಿಕೊಂಡಿದೆ. ಮಗಳು ಬಸುರಿ. ಬೆಕ್ಕನ್ನು ಹೊರಗೆ ಹಾಕಿ ಅಂತ ಎಲ್ಲರೂ ಗಲಾಟೆ ಮಾಡುತ್ತಿದ್ದಾರೆ.

ಪಶುವೈದ್ಯೆ: ಹೊರಗೆ ಹಾಕಬೇಕಿಲ್ಲ ಅಮ್ಮಾ. ಟಾಕ್ಸೋಪ್ಲಾಸ್ಮಾ ಅನ್ನುವ ಸೋಂಕಿನ ಭಯ ಅದು. ಸೋಂಕು ತಗುಲಿದ ಬೆಕ್ಕಿನ ಮಲದಿಂದ ಬರುತ್ತದೆ, ಆದರೆ ಮಲ ಬಿದ್ದ ಕೂಡಲೇ ಅಂಟುವುದಿಲ್ಲ. ಅದಕ್ಕೆ ಒಂದರಿಂದ ಐದು ದಿನ ಬೇಕು. ಮಲದ ಟ್ರೇಯನ್ನು ದಿನಾ ತಪ್ಪದೆ ಬೇರೆ ಯಾರಾದರೂ ಚೊಕ್ಕಟ ಮಾಡಲಿ, ಮಗಳು ಮುಟ್ಟುವುದು ಬೇಡ. ಅರೆಬೆಂದ ಮಾಂಸ, ಕೈಗವಸಿಲ್ಲದೆ ಮಣ್ಣು ಕೆದಕುವುದು, ಇವುಗಳಿಂದಲೂ ಇದು ಬರುತ್ತದೆ ಅಂತ ಗಲಾಟೆ ಮಾಡುವವರಿಗೆ ಹೇಳಿ. ಮಗಳ ಡಾಕ್ಟರಿಗೂ ಬೆಕ್ಕಿರುವ ವಿಷಯ ಗೊತ್ತಿರಲಿ.

ಪ್ರಶ್ನೆ: ಡಾಕ್ಟ್ರೇ, ಇವತ್ತು ಬೆಳಗಿನಿಂದ ಊಟ ಮುಟ್ಟಿಲ್ಲ. ಪೆಟ್ಟಿಗೆಗೆ ಹೋಗುತ್ತದೆ, ಬಟ್ಟೆ ಕೆದಕುತ್ತದೆ, ಮತ್ತೆ ನನ್ನ ಹಿಂದೆಯೇ ಬರುತ್ತದೆ. ನೋವಿದ್ದರೂ ಗುರುಗುಟ್ಟುತ್ತಿದೆ. ಶುರುವಾಯಿತಾ?

ಪಶುವೈದ್ಯೆ: ಹೌದು, ಇವತ್ತೋ ನಾಳೆಯೋ ಆಗುತ್ತದೆ. ಈ ಚಡಪಡಿಕೆ ಹನ್ನೆರಡು ಗಂಟೆ, ಕೆಲವಕ್ಕೆ ಇಪ್ಪತ್ತನಾಲ್ಕು ಗಂಟೆ ಇರುತ್ತದೆ. ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಇರುವುದು 37.5ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಹೊಸ ಬೆಕ್ಕಿಗೆ ಥರ್ಮಾಮೀಟರ್ ಹಾಕಲು ಹೋಗಿ ಅದನ್ನು ಹೆದರಿಸಬೇಡಿ. ಹಿಂದೆ ಬರುತ್ತಿದೆ ಅಂದರೆ ನಿಮ್ಮನ್ನು ನಂಬಿದೆ. ಹೋಗಿ ಪೆಟ್ಟಿಗೆಯ ಪಕ್ಕ ಕೂತುಕೊಳ್ಳಿ. ನೆಂಟರಿಷ್ಟರು ಇಣುಕುವುದು, ಮೊಬೈಲ್ ಲೈಟ್ ಹಾಕುವುದು ಬೇಡ. ಹತ್ತಿರದಲ್ಲಿ ಒಗೆದು ಒಣಗಿಸಿದ ಬಟ್ಟೆ, ಕುದಿಸಿದ ಕತ್ತರಿ, ಗಟ್ಟಿ ದಾರ, ಗಡಿಯಾರ ಇರಲಿ. ರಾತ್ರಿ ತೆರೆದಿರುವ ಆಸ್ಪತ್ರೆಯ ನಂಬರ್ ಈಗಲೇ ಬರೆದಿಡಿ.

ಹೊಟ್ಟೆ ಬಿಗಿಹಿಡಿದು ತಿಣುಕಲು ಶುರುಮಾಡಿದಾಗ ಗಡಿಯಾರ ನೋಡಿ. ಜೋರಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ ಆಸ್ಪತ್ರೆ. ಮರಿ ಅರ್ಧ ಹೊರಗೆ ಬಂದು ಹತ್ತು ನಿಮಿಷ ಸಿಕ್ಕಿಕೊಂಡರೆ ಆಸ್ಪತ್ರೆ. ಕೆಂಪು ರಕ್ತ ನಿಲ್ಲದೆ ಹರಿದರೆ, ಕೆಟ್ಟ ವಾಸನೆಯ ಸ್ರಾವ ಬಂದರೆ, ಬೆಕ್ಕು ಕುಸಿದು ಮಲಗಿದರೆ, ಆಗಲೂ ಅಷ್ಟೆ. ಉಳಿದದ್ದನ್ನು ಅದಕ್ಕೇ ಬಿಡಿ.

ಮರಿ ಒಂದು ಪೊರೆಯೊಳಗೆ ಬರುತ್ತದೆ. ತಾಯಿ ಅದನ್ನು ಹರಿದು, ಮೂಗು ಬಾಯಿ ನೆಕ್ಕಿ, ಹೊಕ್ಕುಳಬಳ್ಳಿ ಕಚ್ಚಿ ತುಂಡು ಮಾಡುತ್ತದೆ. ಸುಸ್ತಾಗಿಯೋ ಮೊದಲ ಸಲವೆಂದೋ ಅದು ಸುಮ್ಮನಿದ್ದರೆ ಒಂದು ನಿಮಿಷಕ್ಕಿಂತ ಜಾಸ್ತಿ ಕಾಯಬೇಡಿ. ಮೂಗಿನ ಹತ್ತಿರ ಪೊರೆಯನ್ನು ಬೆರಳಿನಿಂದ ಹರಿಯಿರಿ, ಬಾಯಿ ಒರೆಸಿ, ತಲೆ ಸ್ವಲ್ಪ ಕೆಳಗಿರುವಂತೆ ಹಿಡಿದು ಒಣ ಬಟ್ಟೆಯಿಂದ ಬೆನ್ನು ಉಜ್ಜಿ. ಕೀಚು ದನಿ ಬರುವವರೆಗೆ ಉಜ್ಜುತ್ತಿರಿ. ಮರಿಯನ್ನು ಹಿಡಿದು ಬೀಸಿ ಒದರುವ ಹಳೇ ಪದ್ಧತಿ ಬೇಡವೇ ಬೇಡ, ಮೆದುಳಿಗೆ ಪೆಟ್ಟಾಗುತ್ತದೆ. ಬಳ್ಳಿ ಕತ್ತರಿಸುವುದು ನಿಮ್ಮ ಪಾಲಿಗೆ ಬಂದರೆ ಹೊಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ದಾರ ಕಟ್ಟಿ, ದಾರದ ಆಚೆಗೆ ಕತ್ತರಿಸಿ. ಎಳೆಯಬೇಡಿ.

ಪ್ರಶ್ನೆ: ಎರಡು ಮರಿ ಆಯಿತು! ಎರಡನ್ನೂ ತಾನೇ ನೆಕ್ಕಿತು. ಮಾಸನ್ನು ತಿಂದುಬಿಟ್ಟಿತು, ಅಸಹ್ಯ ಅನಿಸಿತು, ಪರವಾಗಿಲ್ವಾ? ಆದರೆ ಒಂದೂವರೆ ಗಂಟೆಯಾದರೂ ಮೂರನೆಯದರ ಸುಳಿವಿಲ್ಲ. ಕೈಕಾಲು ಆಡುತ್ತಿಲ್ಲ ನನಗೆ.

ಪಶುವೈದ್ಯೆ: ಮಾಸು ತಿನ್ನುವುದು ಅದರ ರೂಢಿ. ಎಲ್ಲವನ್ನೂ ತಿಂದರೆ ಒಮ್ಮೊಮ್ಮೆ ಹೊಟ್ಟೆ ಕೆಡುತ್ತದೆ, ಅಷ್ಟೆ. ಮರಿಗೊಂದರಂತೆ ಮಾಸು ಹೊರಗೆ ಬಿತ್ತಾ ಅಂತ ಎಣಿಸಿಕೊಳ್ಳಿ. ಈಗ ಹೇಳಿ, ಅದು ತಿಣುಕುತ್ತಿದೆಯಾ, ಇಲ್ಲಾ ಮಲಗಿ ಮರಿಗಳಿಗೆ ಹಾಲು ಕೊಡುತ್ತಿದೆಯಾ?

ಪ್ರಶ್ನೆ: ಹಾಲು ಕೊಡುತ್ತಿದೆ. ಕಣ್ಣು ಮುಚ್ಚಿಕೊಂಡು ಗುರುಗುಟ್ಟುತ್ತಿದೆ. ನೀರೂ ಕುಡಿಯಿತು.

ಪಶುವೈದ್ಯೆ: ಹಾಗಾದರೆ ನೀವೂ ಒಂದು ಲೋಟ ನೀರು ಕುಡಿಯಿರಿ. ಬೆಕ್ಕುಗಳು ನಡುವೆ ಹೀಗೆ ವಿರಾಮ ತೆಗೆದುಕೊಳ್ಳುತ್ತವೆ. ಕೆಲವು ಗಂಟೆ ಇರಬಹುದು, ಅಪರೂಪಕ್ಕೆ ಒಂದು ದಿನವೂ ಆದದ್ದಿದೆ. ತಿಣುಕದೆ, ನೆಮ್ಮದಿಯಾಗಿ ಮಲಗಿದ್ದರೆ ತೊಂದರೆ ಇಲ್ಲ. ಆದರೂ ಹೊಸಬರು ನೀವು, ಇನ್ನೆರಡು ಗಂಟೆ ಹೀಗೇ ಇದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಒಂದು ಮಾತು ಕೇಳಿ. ಮುಂದಿನ ಮರಿ ಹಿಂಗಾಲು ಮೊದಲಾಗಿ ಬಂದರೆ ಗಾಬರಿ ಬೇಡ, ಬೆಕ್ಕುಗಳಲ್ಲಿ ಅದು ಮಾಮೂಲು.

ಪ್ರಶ್ನೆ: ನಾಲ್ಕೂ ಬಂದವು ಡಾಕ್ಟ್ರೇ. ಕೊನೆಯದು ನೀವು ಹೇಳಿದ ಹಾಗೇ ಹಿಂಗಾಲು ಮೊದಲಾಗಿ ಬಂತು! ನಿನ್ನೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ. ಮೂರು ಮರಿ ನೂರು ಗ್ರಾಂ ಆಸುಪಾಸು, ಕೊನೆಯದು 84. ಇವತ್ತು ಆ ಮೂರೂ ಏರಿವೆ, ಚಿಕ್ಕದು 79ಕ್ಕೆ ಇಳಿದಿದೆ. ಉಳಿದವು ಅಂಟಿಕೊಂಡು ಮಲಗಿದರೆ ಇದೊಂದು ಮೂಲೆಯಲ್ಲಿ ಬಿದ್ದಿರುತ್ತದೆ, ಸಣ್ಣಗೆ ಅಳುತ್ತಿರುತ್ತದೆ. ಬಾಟಲಿ ಹಾಲು ಕೊಡಲಾ? ಜಾಸ್ತಿ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುತ್ತಾರಲ್ಲ?

ಪಶುವೈದ್ಯೆ: ತೂಗಿದಿರಲ್ಲ, ಅದೇ ಈ ಮರಿಯನ್ನು ಉಳಿಸಬಹುದು. ಕಣ್ಣಿಗೆ ಎಲ್ಲ ಮರಿಯೂ ಒಂದೇ ಥರ ಕಾಣುತ್ತವೆ, ತಕ್ಕಡಿಗೆ ಹಾಗಲ್ಲ. ಮೊದಲ ದಿನ ಚೂರು ಇಳಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಆದರೆ ಹುಟ್ಟುವಾಗಲೇ ಸಣ್ಣದಿದ್ದು, ಬೇರೆ ಬಿದ್ದುಕೊಂಡು ಅಳುತ್ತಿದೆ ಅಂದರೆ ಕಾಯುವಂತಿಲ್ಲ.

ಈಗ ಅದರ ಬಾಯೊಳಗೆ ಕಿರುಬೆರಳ ತುದಿ ಇಡಿ. ತಣ್ಣಗಿದೆಯಾ? ತಣ್ಣಗಿದ್ದರೆ ಹಾಲಿನ ಮಾತು ಆಮೇಲೆ. ಮೈ ತಣ್ಣಗಾದ ಮರಿಯ ಕರುಳು ಕೆಲಸ ಮಾಡುವುದಿಲ್ಲ. ಹಾಕಿದ ಹಾಲು ಹೊಟ್ಟೆಯಲ್ಲೇ ನಿಂತು ಕೊಳೆಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಸಿದಿದೆ ಅಂತ ಮರುಗಿ ಹಾಲು ಹಾಕಿಯೇ ಎಷ್ಟೋ ಮರಿಗಳು ಸಾಯುತ್ತವೆ. ಮೊದಲ ವಾರ ಮರಿಗೆ ಚಳಿಗೆ ನಡುಗುವ ಶಕ್ತಿಯೂ ಇರುವುದಿಲ್ಲ. ಅದನ್ನು ನಿಮ್ಮ ಅಂಗಿಯೊಳಗೆ, ಎದೆಗೆ ತಾಗುವಂತೆ ಇಟ್ಟುಕೊಳ್ಳಿ. ನಿಧಾನವಾಗಿ ಬಿಸಿಯಾಗಲಿ, ಬಿಸಿ ನೀರಲ್ಲಿ ಅದ್ದಬೇಡಿ. ಪೆಟ್ಟಿಗೆಯ ಒಂದು ಪಕ್ಕಕ್ಕೆ ಮಾತ್ರ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಿ. ಸೆಕೆಯಾದರೆ ಮರಿ ಆಚೆ ಸರಿಯಲು ಜಾಗ ಬೇಕು. ಆ ಜಾಗ 30 ಡಿಗ್ರಿ ಆಸುಪಾಸು ಇದ್ದರೆ ಸಾಕು.

ಬಾಯಿ ಬೆಚ್ಚಗಾದ ಮೇಲೆ ತಾಯಿಯ ಹಿಂದಿನ ಮೊಲೆಗೆ ಹಿಡಿಸಿ, ಅಲ್ಲಿ ಹಾಲು ಜಾಸ್ತಿ. ದೊಡ್ಡ ಮರಿ ಬಂದು ತಳ್ಳಿದರೆ ಅದನ್ನು ಎತ್ತಿ ಆ ಕಡೆ ಬಿಡಿ. ಮೊದಲ ದಿನದ ಗಿಣ್ಣುಹಾಲಿನಲ್ಲಿ ರೋಗ ತಡೆಯುವ ಶಕ್ತಿ ಇರುತ್ತದೆ. ಮರಿಯ ಕರುಳು ಅದನ್ನು ಹೀರುವುದು ಹುಟ್ಟಿದ ಮೊದಲ ಹದಿನಾರು, ಹದಿನೆಂಟು ಗಂಟೆ ಅಷ್ಟೆ. ಅದು ತಪ್ಪಿಹೋಗಿದೆಯೋ ಏನೋ, ಆದ್ದರಿಂದ ಇವತ್ತೇ ಡಾಕ್ಟರಿಗೆ ತೋರಿಸಿ. ಬಾಯಿಯ ಅಂಗುಳ ಸೀಳಿದೆಯಾ ಅಂತಲೂ ಅವರು ನೋಡುತ್ತಾರೆ.

ಮೇಲುಹಾಲು ಬೇಕೇಬೇಕು ಅಂದರೆ ಬೆಕ್ಕಿನ ಮರಿಗೆಂದೇ ಸಿಗುವ ಹಾಲುಪುಡಿ. ಹಸುವಿನ ಹಾಲಲ್ಲಿ ಇದಕ್ಕೆ ಬೇಕಾದಷ್ಟು ಪ್ರೋಟೀನ್, ಕೊಬ್ಬು ಇಲ್ಲ. ಮೈ ಬಿಸಿಗೆ ಕಾಯಿಸಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಕೊಡಬೇಕು. ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ, ಹೊಟ್ಟೆ ಕೆಳಗಿರಲಿ. ತಾಯಿ ನೆಕ್ಕದಿದ್ದರೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿ, ಆಗಲೇ ಉಚ್ಚೆ ಬರುವುದು. ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ನೀವು ಸಾಕಿದ ಬೆಕ್ಕು, ನಿಮ್ಮ ವಾಸನೆ ಅದಕ್ಕೆ ಹೊಸದಲ್ಲ. ಗದ್ದಲ ಜಾಸ್ತಿಯಾದರೆ ಮಾತ್ರ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸುತ್ತದೆ.

ಪ್ರಶ್ನೆ: ಬಾಯಿ ನಿಜವಾಗಲೂ ತಣ್ಣಗಿತ್ತು. ಡಾಕ್ಟ್ರ ಹತ್ತಿರ ಹೋಗಿ ಬಂದೆವು, ಸೀಳಿಲ್ಲ ಅಂದರು. ಮೂರು ದಿನ ಹಿಂದಿನ ಮೊಲೆ, ಜೊತೆಗೆ ಬಾಟಲಿ. ಇವತ್ತು 97 ತೋರಿಸಿತು! ದಿನಕ್ಕೆ ಎಷ್ಟು ಏರಬೇಕು?

ಪಶುವೈದ್ಯೆ: ಹತ್ತರಿಂದ ಹದಿನೈದು ಗ್ರಾಂ ಏರಿದರೆ ಚೆನ್ನಾಗಿ ಕುಡಿಯುತ್ತಿದೆ ಅಂತ. ಎರಡನೇ ವಾರದ ಹೊತ್ತಿಗೆ ಹುಟ್ಟುತೂಕದ ಎರಡರಷ್ಟಾಗುತ್ತವೆ. ದಿನಾ ಒಂದೇ ಹೊತ್ತಿಗೆ ತೂಗಿ. ತೂಗುವಾಗ ತಾಯಿಯ ಮೊಲೆಗಳನ್ನೂ ನೋಡಿ. ಒಂದು ಮೊಲೆ ಮಾತ್ರ ಬಿಸಿಯಾಗಿ, ಗಟ್ಟಿಯಾಗಿ, ಮುಟ್ಟಿದರೆ ಸಿಡುಕಿದರೆ ಬಾವು ಬಂದಿದೆ. ಕಂದು ಸ್ರಾವ ಎರಡು ಮೂರು ವಾರ ಸ್ವಲ್ಪ ಸ್ವಲ್ಪ ಹೋಗುತ್ತದೆ, ನಾತ ಬಂದರೆ ಮಾತ್ರ ಚಿಂತೆ. ಮರಿಗಳು ಕಣ್ಣು ಬಿಡುವುದು ಒಂದರಿಂದ ಎರಡು ವಾರದಲ್ಲಿ. ಬಿಡುವ ಮೊದಲೇ ರೆಪ್ಪೆಯ ಕೆಳಗೆ ಊದಿ ಕೀವು ಕಂಡರೆ ತೋರಿಸಿ, ಕಣ್ಣೇ ಹೋಗಬಹುದು. ಜಂತುಹುಳು ತಾಯಿಯ ಹಾಲಿನಲ್ಲೇ ದಾಟುತ್ತದೆ, ಆದ್ದರಿಂದ ಎರಡು ಮೂರು ವಾರಕ್ಕೇ ಔಷಧ ಶುರು, ಪ್ರಮಾಣ ತೂಕ ನೋಡಿ ಡಾಕ್ಟರ್ ಹೇಳುತ್ತಾರೆ. ನಾಲ್ಕನೇ ವಾರದಿಂದ ನೆನೆಸಿದ ಊಟ ತಟ್ಟೆಯಲ್ಲಿ ಇಡಿ. ಮೊದಲು ತುಳಿಯುತ್ತವೆ, ಆಮೇಲೆ ತಿನ್ನುತ್ತವೆ.

ಪ್ರಶ್ನೆ: ಮರಿಗಳಿಗೆ ಆರು ವಾರ, ಮನೆಯೆಲ್ಲ ರಾದ್ಧಾಂತ. ಆದರೆ ತಾಯಿ ಎರಡು ರಾತ್ರಿಯಿಂದ ವಿಚಿತ್ರವಾಗಿ ಕೂಗುತ್ತಿದೆ, ಬಾಗಿಲ ಹತ್ತಿರವೇ ಹೊರಳಾಡುತ್ತದೆ. ಹುಷಾರಿಲ್ವಾ?

ಪಶುವೈದ್ಯೆ: ಹುಷಾರಾಗಿದೆ, ಬೆದೆಗೆ ಬಂದಿದೆ. ಹಾಲು ಕೊಡುವಾಗ ಗಬ್ಬ ನಿಲ್ಲುವುದಿಲ್ಲ ಅಂದುಕೊಂಡಿದ್ದರೆ ಅದು ತಪ್ಪು. ಬಾಗಿಲು, ಕಿಟಕಿ ಭದ್ರ ಮಾಡಿ, ಒಂದು ರಾತ್ರಿ ಹೊರಗೆ ಹೋಗಿಬಂದರೂ ಸಾಕು. ಮರಿಗಳು ಹಾಲು ಬಿಟ್ಟು, ಮೊಲೆ ಒಣಗಿದ ಮೇಲೆ, ಸುಮಾರು ಎಂಟನೇ ವಾರದ ಹೊತ್ತಿಗೆ ತಾಯಿಗೆ ಮತ್ತೆ ಮರಿಯಾಗದಂತೆ ಆಪರೇಷನ್ ಮಾಡಿಸಿ, ಈಗಲೇ ದಿನ ಕೇಳಿಟ್ಟುಕೊಳ್ಳಿ. ಮರಿಗಳಿಗೆ ಮೊದಲ ಲಸಿಕೆಯ ಹೊತ್ತೂ ಬಂತು, ಆರರಿಂದ ಎಂಟು ವಾರದೊಳಗೆ ಹಾಕಿಸಬೇಕು. ಎಂಟು ವಾರ ತುಂಬುವ ಮೊದಲು ಯಾರು ಕೇಳಿದರೂ ಮರಿ ಕೊಡಬೇಡಿ. ಕೊಡುವಾಗ ಆಪರೇಷನ್ ಮಾಡಿಸುತ್ತೇವೆ ಅನ್ನುವ ಮಾತು ತೆಗೆದುಕೊಳ್ಳಿ. ನೀವೇ ಎರಡು ಉಳಿಸಿಕೊಂಡರೂ ಇದೇ ಮಾತು. ಹೆಣ್ಣುಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಒಡಹುಟ್ಟಿದ ಗಂಡು ಅನ್ನುವ ಲೆಕ್ಕ ಬೆಕ್ಕುಗಳಿಗಿಲ್ಲ.