ಕರ್ಣನ ಕವಚ ಎರಡು ದಿನವಾದರೂ ಅಂಟಂಟು: ಫೈಬರ್ ಕೆಲಸದವರಿಗೆ ಒಂದು ಪ್ರಶ್ನೆ

ಪ್ರಶ್ನೆ: ಸರ್, ನಮಸ್ಕಾರ. ತಿಪಟೂರು ಹತ್ತಿರದ ಹಳ್ಳಿ ನಮ್ಮದು. ಊರಹಬ್ಬಕ್ಕೆ ಪೌರಾಣಿಕ ನಾಟಕ ಆಡುತ್ತಿದ್ದೇವೆ, ನನ್ನದು ಕರ್ಣನ ಪಾತ್ರ. ಬಾಡಿಗೆ ಡ್ರೆಸ್ಸಿನ ಜೊತೆ ಬರುವ ಎದೆಕವಚ ರಟ್ಟಿನದು, ಬೆವರಿಗೆ ನೆನೆದು ಮಡಚಿಕೊಳ್ಳುತ್ತದೆ. ಅದಕ್ಕೇ ಫೈಬರಿನಲ್ಲಿ ನಾನೇ ಮಾಡೋಣ ಅಂತ ಹೊರಟೆ. ಥರ್ಮಾಕೋಲ್ ಕೆತ್ತಿ ಎದೆಯ ಆಕಾರ ಮಾಡಿ, ಮೇಲೆ ಗಾಜಿನ ಎಳೆಯ ಮ್ಯಾಟ್ ಹಾಸಿ, ಗಟ್ಟಿಯಾಗುವ ಅಂಟುದ್ರವ ರೆಸಿನ್ ಬಳಿದೆ. ಥರ್ಮಾಕೋಲ್ ನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗಿತು. ಎರಡು ದಿನವಾಯಿತು, ಮೇಲ್ಮೈ ಇನ್ನೂ ಅಂಟು. ರೆಸಿನ್ ಗಟ್ಟಿ ಮಾಡುವ ಹಾರ್ಡ್‌ನರ್ ಮುಚ್ಚಳದಲ್ಲಿ ಅಂದಾಜಿಗೆ ಹಾಕಿದ್ದೆ. ಕೈಯೆಲ್ಲ ನವೆ ಬೇರೆ. ಇದನ್ನು ಉಳಿಸಬಹುದಾ? ನಾಟಕಕ್ಕೆ 3 ವಾರ ಇದೆ.

ಉತ್ತರ: ಮೊದಲು ಕೈ ನೋಡಿಕೊಳ್ಳಿ. ಅದು ಗಾಜಿನ ಎಳೆ, ಉಜ್ಜಿದಷ್ಟೂ ಒಳಗೆ ಹೋಗುತ್ತದೆ. ಸೆಲ್ಲೋಟೇಪ್ ಅಂಟಿಸಿ ಕೀಳಿ, ಆಮೇಲೆ ತಣ್ಣೀರು, ಸೋಪು. ಬಿಸಿನೀರು ಬೇಡ.

ಈಗ ಕವಚ. ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ. ಕೆಳಗೆ ಗಟ್ಟಿಯಾಗಿದ್ದು ಮೇಲೆ ಮಾತ್ರ ಅಂಟಿದ್ದರೆ ಭಯವಿಲ್ಲ. ಪಾಲಿಯೆಸ್ಟರ್ ರೆಸಿನ್ನಿಗೆ ಗಾಳಿ ತಗಲುವ ಕಡೆ ಹೀಗಾಗುವುದು ಮಾಮೂಲಿ. ಅಸಿಟೋನ್ ಬಟ್ಟೆಯಲ್ಲಿ ಒರೆಸಿ, ಮರಳು ಕಾಗದದಲ್ಲಿ ಉಜ್ಜಿ, ಮೇಣ ಬೆರೆಸಿದ ರೆಸಿನ್ನಿನ ಒಂದು ತೆಳು ಕೋಟು ಕೊಡಿ. ಆ ಮೇಣ ಮೇಲೆ ತೇಲಿ ಬಂದು ಗಾಳಿಯನ್ನು ತಡೆಯುತ್ತದೆ. ಆದರೆ ಉಗುರು ರಬ್ಬರಿಗೆ ಒತ್ತಿದ ಹಾಗೆ ಇಳಿದರೆ ಹಾರ್ಡ್‌ನರ್ ಕಮ್ಮಿಯಾಗಿದೆ ಅಥವಾ ಸರಿಯಾಗಿ ಕಲಸಿಲ್ಲ. ಎರಡು ದಿನ ಬಿಸಿಲಿಗಿಡಿ. ಆಗಲೂ ಗಟ್ಟಿಯಾಗದಿದ್ದರೆ ಬಿಸಾಡಿ, ಅದರ ಮೇಲೆ ಮತ್ತೆ ದುಡ್ಡು ಸುರಿಯಬೇಡಿ.

ಮುಚ್ಚಳದ ಲೆಕ್ಕ ಇನ್ನು ಬೇಡ. ಸೂಜಿ ಇಲ್ಲದ ಸಿರಿಂಜ್ ತೊಗೊಳ್ಳಿ. 100 ಗ್ರಾಂ ರೆಸಿನ್ನಿಗೆ ಹಾರ್ಡ್‌ನರ್ ಒಂದೂವರೆ ಮಿ.ಲೀ. ಸಾಕು, ಚಳಿಯಿದ್ದರೆ 2. ಒಂದು ಸಲಕ್ಕೆ 200 ಗ್ರಾಂಗಿಂತ ಜಾಸ್ತಿ ಕಲಸಬೇಡಿ. ಮಗ್ಗಿನಲ್ಲಿ ಮಿಕ್ಕಿದ್ದು ತಾನಾಗಿಯೇ ಕಾದು ಹೊಗೆಯಾಡುತ್ತದೆ. ಕಲಿಯುವಾಗ ನನ್ನ ಪ್ಲಾಸ್ಟಿಕ್ ಮಗ್ಗೇ ಒಮ್ಮೆ ಸೊಟ್ಟಗಾಗಿತ್ತು.

ಇನ್ನೊಬ್ಬರು: ಅಣ್ಣ, ನಮ್ಮ ಕಡೆ ಅಂಗಡಿಯವರು ರೆಸಿನ್ ಬೇಗ ಗಟ್ಟಿಯಾಗಲು ಕೋಬಾಲ್ಟ್ ಅಂತ ನೇರಳೆ ಬಣ್ಣದ್ದೊಂದು ಬಾಟಲಿ ಕೊಡುತ್ತಾರೆ. ಅದನ್ನೂ ಹಾರ್ಡ್‌ನರನ್ನೂ ಮೊದಲೇ ಬೆರೆಸಿಟ್ಟುಕೊಂಡರೆ ಕೆಲಸ ಬೇಗ ಆಗಲ್ವಾ?

ಉತ್ತರ: ದಯವಿಟ್ಟು ಬೇಡ! ಅವೆರಡು ನೇರವಾಗಿ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಬಾಟಲಿಗಳನ್ನು ಒಂದೇ ಡಬ್ಬದಲ್ಲಿ ಇಡುವುದೂ ಬೇಡ. ಕೋಬಾಲ್ಟ್ ರೆಸಿನ್ನಿಗೆ ಹಾಕಿ, ಬಣ್ಣ ಒಂದೇ ಸಮ ಆಗುವವರೆಗೆ ಕಲಸಿ, ಆಮೇಲೆ ಹಾರ್ಡ್‌ನರ್. ರೆಸಿನ್ನಿಗೆ ಮೊದಲೇ ಕೋಬಾಲ್ಟ್ ಹಾಕಿದ್ದಾರಾ ಅಂತ ಅಂಗಡಿಯಲ್ಲೇ ಕೇಳಿ, ಹಾಕಿದ್ದರೆ ನೀವು ಹಾಕುವುದೇ ಬೇಡ. ಹಾರ್ಡ್‌ನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಸೇಫ್ಟಿ ಕನ್ನಡಕ ಹಾಕಿಯೇ ಮುಟ್ಟಿ. ಹಾರಿದರೆ 15 ನಿಮಿಷ ನಲ್ಲಿ ನೀರಿಗೆ ಕಣ್ಣೊಡ್ಡಿ, ನಂತರ ಸೀದಾ ಡಾಕ್ಟರ ಹತ್ತಿರ ಹೋಗಿ.

ವಾಸನೆಗೆ ಬಟ್ಟೆ ಮಾಸ್ಕ್ ಉಪಯೋಗವಿಲ್ಲ, ಆವಿ ಹಿಡಿಯುವ ಕಾರ್ಟ್ರಿಜ್ ಮಾಸ್ಕೇ ಬೇಕು. ಕೆಲಸ ಅಂಗಳದಲ್ಲಿ ಮಾಡಿ, ಒಲೆ, ಬೀಡಿ ದೂರ ಇರಲಿ. ಉಜ್ಜುವಾಗ ನೀರು ಹಾಕಿ ಉಜ್ಜಿ, ಧೂಳು ಏಳುವುದಿಲ್ಲ.

ಪ್ರಶ್ನೆ ಕೇಳಿದವರು: ಸರ್, ಉಗುರು ಒತ್ತಿದೆ. ಇಳಿಯಿತು. ಹೊಸದಾಗಿ ಮಾಡುವುದಾದರೆ ಹೇಗೆ?

ಉತ್ತರ: ಒಂದೇ ಕವಚ ಬೇಕಿದ್ದರೆ ನನ್ನ ಮಾತು ಕೇಳಿ, ಫೈಬರ್ ಬಿಡಿ. ಚಪ್ಪಲಿ ಅಡಿಗೆ ಹಾಕುವ ಫೋಮ್ ಶೀಟ್ ಬಿಸಿ ಮಾಡಿ ಬಾಗಿಸಿ, ರಬ್ಬರ್ ಸೊಲ್ಯೂಷನ್ನಿನಲ್ಲಿ ಅಂಟಿಸಿ ಚಿನ್ನದ ಬಣ್ಣ ಹೊಡೆದರೆ ಎರಡು ದಿನದ ಕೆಲಸ. ಫೈಬರಿಗೆ ಅಚ್ಚು ಬೇಕು, ಹತ್ತು ಕವಚ ತೆಗೆಯುವವರಿಗೆ ಅದು ಲಾಭ.

ಫೈಬರೇ ಬೇಕು ಅಂದರೆ, ಜೇಡಿಮಣ್ಣಿನಲ್ಲಿ ಎದೆ ಮಾಡಿ. ಬಳ್ಳಿ, ಸೂರ್ಯನ ಮುಖ ಎಲ್ಲ ಮಣ್ಣಿನಲ್ಲೇ ಮೂಡಲಿ. ಅದರ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯಿರಿ. ಅಚ್ಚು ಪೂರ್ತಿ ಒಣಗಬೇಕು, ಹಸಿ ಇದ್ದರೆ ಮತ್ತೆ ಅಂಟಿನ ಕಥೆಯೇ. ಶೆಲಾಕ್ (ಅರಗಿನ ವಾರ್ನಿಷ್) ಬಳಿದು, ಮೇಣದ ಪಾಲಿಶ್ ನಾಲ್ಕು ಸಲ ಹಚ್ಚಿ ಉಜ್ಜಿ. ಮೊದಲು ಜೆಲ್‌ಕೋಟ್ (ಹೊರಮೈಗೆ ಬರುವ ದಪ್ಪ ರೆಸಿನ್), ಆಮೇಲೆ 300 ಗ್ರಾಂ ಮ್ಯಾಟ್, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವುದು, ಎರಡು ಪದರ. ಮ್ಯಾಟನ್ನು ಕತ್ತರಿಸದೆ ಕೈಯಲ್ಲಿ ಹರಿಯಿರಿ, ಅಂಚಿನ ಎಳೆಗಳು ಒಂದರೊಳಗೊಂದು ಕೂರುತ್ತವೆ. ಬ್ರಷ್ಷನ್ನು ಎಳೆಯಬೇಡಿ, ಕುಟ್ಟಿ. ಬಿಳಿ ಮ್ಯಾಟ್ ಗಾಜಿನ ಹಾಗೆ ತಿಳಿಯಾದರೆ ರೆಸಿನ್ ಕುಡಿದಿದೆ ಅಂತ ಅರ್ಥ. ಬಿಳಿ ಮಚ್ಚೆ ಉಳಿದರೆ ಒಳಗೆ ಗಾಳಿ ಇದೆ. ಮ್ಯಾಟಿನ ತೂಕದ ಎರಡೂವರೆ ಪಟ್ಟು ರೆಸಿನ್ ಸಾಕು. ಅರ್ಧ ಚದರ ಮೀಟರಿಗೆ ಎರಡು ಪದರ ಅಂದರೆ ಮ್ಯಾಟ್ 300 ಗ್ರಾಂ, ರೆಸಿನ್ 750. ಜೆಲ್‌ಕೋಟ್ ಬಿಟ್ಟು ಒಂದು ಕೆಜಿ ಆಸುಪಾಸು ತೂಗುತ್ತದೆ. ಒಳಮೈ ಉಜ್ಜಿ ಮೆತ್ತನೆ ಬಟ್ಟೆ ಅಂಟಿಸಿ, ಇಲ್ಲದಿದ್ದರೆ ರಾತ್ರಿಯಿಡೀ ಕರ್ಣ ಎದೆ ಕೆರೆದುಕೊಳ್ಳುತ್ತಿರಬೇಕಾಗುತ್ತದೆ.

ಡ್ರೆಸ್ ಹೊಲಿಯುವವರೊಬ್ಬರು: ಸರ್, ಇಂದ್ರ ಬಂದು ಕವಚ ಬೇಡುವ ಸೀನ್ ಇದೆಯಲ್ವಾ? ಪಾತ್ರಧಾರಿ ಅಲ್ಲೇ ಬಿಚ್ಚಬೇಕು. ವೆಲ್ಕ್ರೋ ಹಾಕಿಕೊಡಲಾ?

ಉತ್ತರ: ಒಳ್ಳೆ ಪ್ರಶ್ನೆ ಅಮ್ಮ, ನನಗೆ ಹೊಳೆದಿರಲಿಲ್ಲ. ವೆಲ್ಕ್ರೋ ಮಾತ್ರ ಬೇಡ. ಎದೆಗೆ ಮೈಕ್ ಸಿಕ್ಕಿಸಿರುತ್ತಾರೆ, ಕರುಣರಸದ ಮಧ್ಯೆ ಚರ್ರ್ ಅಂದರೆ ಜನ ನಗುತ್ತಾರೆ. ಎದೆ, ಬೆನ್ನು ಎರಡು ಭಾಗ ಮಾಡಿಸಿ. ಎಡ ಭುಜ, ಎಡ ಪಕ್ಕೆಗೆ ಬೆಲ್ಟ್ ಹೊಲಿದು ಖಾಯಂ ಮಾಡಿ, ಬಲಕ್ಕೆ ದೊಡ್ಡ ಹುಕ್ಕು ಕೊಡಿ, ಭುಜಕ್ಕೊಂದು, ಪಕ್ಕೆಗೊಂದು. ಕತ್ತಲೆಯಲ್ಲಿ ಒಂದೇ ಕೈಯಲ್ಲಿ ಬಿಚ್ಚಲು ಬರುತ್ತದಾ ಅಂತ ಮನೆಯಲ್ಲೇ ಹತ್ತು ಸಲ ನೋಡಲಿ.

ಪ್ರಶ್ನೆ ಕೇಳಿದವರು: ಫೋಮ್ ಶೀಟ್ ತರಲು ನಾಳೆ ತಿಪಟೂರಿಗೆ ಹೋಗುತ್ತಿದ್ದೇನೆ ಸರ್. ಹುಕ್ಕೂ ತರುತ್ತೇನೆ.