ಅಮೆರಿಕದ ಕಾಲೇಜು ತಂಡದಲ್ಲಿ ಮಗಳು: ಗಾಯವಾದರೆ ಸ್ಕಾಲರ್‌ಶಿಪ್ ಗತಿ ಏನು?

ಪ್ರಶ್ನೆ (ಒಬ್ಬ ತಾಯಿ, ಮೈಸೂರು): ಮೇಡಂ, ನಮಸ್ಕಾರ. ಮಗಳಿಗೆ ಅಮೆರಿಕದ ಡಿವಿಷನ್ ಒನ್ (ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತ) ಕಾಲೇಜೊಂದರಿಂದ ಟೆನಿಸ್ ಸ್ಕಾಲರ್‌ಶಿಪ್ ಬಂದಿದೆ. ಅಲ್ಲಿ ನಿಯಮ ಎಲ್ಲ ಬದಲಾಗಿದೆಯಂತೆ, ಕಾಲೇಜೇ ಆಟಗಾರರಿಗೆ ದುಡ್ಡು ಕೊಡುತ್ತದಂತೆ. ಇವಳಿಗೆ ಹೋದ ವರ್ಷ ಭುಜದ ನೋವಿತ್ತು. ಮತ್ತೆ ಗಾಯವಾದರೆ ಸ್ಕಾಲರ್‌ಶಿಪ್ ಕಿತ್ತುಕೊಂಡು ವಾಪಸ್ ಕಳಿಸುತ್ತಾರಾ?

ಉತ್ತರ (ಅಥ್ಲೆಟಿಕ್ ಟ್ರೈನರ್, ಅಂದರೆ ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವವರು, ಅಮೆರಿಕದ ಕಾಲೇಜೊಂದರಲ್ಲಿ): ಇಲ್ಲ ಅಕ್ಕ. ಗಾಯವಾಯಿತು ಅಂತಲೋ, ಸರಿಯಾಗಿ ಆಡಲಿಲ್ಲ ಅಂತಲೋ ಸ್ಕಾಲರ್‌ಶಿಪ್ ತೆಗೆಯುವ ಹಾಗಿಲ್ಲ. 2024ರ ಆಗಸ್ಟ್ 1ರಿಂದ ಇಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಇದನ್ನು ಡಿವಿಷನ್ ಒನ್ ಕಾಲೇಜುಗಳಿಗೆಲ್ಲ ಕಡ್ಡಾಯ ಮಾಡಿದೆ. ಆಟದಲ್ಲಿ ಆದ ಗಾಯಕ್ಕೆ ಕಾಲೇಜು ಮುಗಿದ ಮೇಲೂ ಕನಿಷ್ಠ ಎರಡು ವರ್ಷ ಚಿಕಿತ್ಸೆಯ ರಕ್ಷಣೆ ಇದೆ. ಭುಜದ ಹಳೆ ಎಂಆರ್‌ಐ, ಫಿಸಿಯೋ ಚೀಟಿ ಎಲ್ಲ ಕೊಟ್ಟು ಕಳಿಸಿ. ಸೇರುವಾಗಿನ ತಪಾಸಣೆಯಲ್ಲಿ ಏನೂ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಆಮೇಲೆ ಹಳೆ ಗಾಯವೋ ಹೊಸದೋ ಅಂತ ಜಗ್ಗಾಟ ಶುರುವಾಗುತ್ತದೆ.

ಆದರೆ ಸ್ಕಾಲರ್‌ಶಿಪ್ ಬೇರೆ, ತಂಡದಲ್ಲಿ ಜಾಗ ಬೇರೆ. ನನ್ನನ್ನು ಕೇಳಿದರೆ ಈಗ ಚಿಂತೆ ಮಾಡಬೇಕಾದ್ದು ಜಾಗದ ಬಗ್ಗೆ. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಆಟಗಾರರು ದುಡ್ಡಿನ ಪಾಲು ಕೇಳಿ ಎನ್‌ಸಿಎಎ ಮೇಲೆ ಹಾಕಿದ್ದ ‘ಹೌಸ್’ ಮೊಕದ್ದಮೆಯ ರಾಜಿಗೆ ಒಪ್ಪಿಗೆ ಕೊಟ್ಟರು. ಅದರ ಪ್ರಕಾರ ಕಾಲೇಜೊಂದು 2025–26ರಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ಹಂಚಬಹುದು. ಅದರಲ್ಲಿ ಜಾಸ್ತಿ ಪಾಲು ಅಮೆರಿಕನ್ ಫುಟ್‌ಬಾಲ್‌ಗೆ (ಹೆಲ್ಮೆಟ್, ಪ್ಯಾಡ್ ಹಾಕಿ ಆಡುವುದು, ಸಾಕರ್ ಅಲ್ಲ), ಆಮೇಲೆ ಹುಡುಗರ ಬಾಸ್ಕೆಟ್‌ಬಾಲ್‌ಗೆ. ಟೆನಿಸ್‌ಗೆ ಬರುವುದು ಬೇರೆ ಬದಲಾವಣೆ: ರಾಜಿಗೆ ಸೇರಿದ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡದ ಗಾತ್ರಕ್ಕೇ ಮಿತಿ ಬಂದಿದೆ. ಟೆನಿಸ್‌ಗೆ 10 ಜನ, ಅಷ್ಟೇ. ಗಾಯದಿಂದ ಕೂತವರ ಜಾಗಕ್ಕೆ ಹೊಸಬರನ್ನು ತರೋಣ ಅಂತ ಕೋಚ್‌ಗೆ ಅನಿಸುವುದು ಸಹಜ ಅಲ್ವಾ? ಇದನ್ನು ಕೋಚ್‌ಗೆ ನೇರವಾಗಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಅದೇ ತಾಯಿ: ಜಾಹೀರಾತಿನಿಂದ ದುಡ್ಡು ಮಾಡಬಹುದು ಅಂತ ಒಬ್ಬರು ಹೇಳಿದರು.

ಉತ್ತರ: ಅಮೆರಿಕದ ಮಕ್ಕಳಿಗೆ 2021ರ ಜುಲೈಯಿಂದ ಅವಕಾಶ ಇದೆ. ಮಗಳು ಎಫ್-ಒನ್ ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬರುತ್ತಾಳೆ, ಹಾಗಾಗಿ ಹುಷಾರು. ಇಲ್ಲಿದ್ದುಕೊಂಡು ಶೂ ಕಂಪನಿಗೆ ಫೋಟೋ ತೆಗೆಸಿಕೊಂಡರೂ ಅನುಮತಿ ಇಲ್ಲದ ಕೆಲಸ ಅನಿಸಿಕೊಳ್ಳಬಹುದು. ದುಡ್ಡಿನ ಬದಲು ಸುಮ್ನೆ ಶೂ ಕೊಟ್ಟರೂ ಅದೇ ಕಥೆ. ವೀಸಾ ವಕೀಲರನ್ನು ಕೇಳದೆ ಯಾವುದಕ್ಕೂ ಸಹಿ ಹಾಕಬೇಡಿ. ಇದರಲ್ಲಿ ಕೋಚ್ ಮಾತು ನಡೆಯುವುದಿಲ್ಲ.

ಪ್ರಶ್ನೆ (ಒಬ್ಬ ತಂದೆ, ಡಲ್ಲಾಸ್): ನನ್ನ ಮಗ ಫುಟ್‌ಬಾಲ್ ತಂಡಕ್ಕೆ ಸೇರುತ್ತಿದ್ದಾನೆ. ಆಗಸ್ಟ್ ಬಿಸಿಲಿನ ಪ್ರಾಕ್ಟೀಸ್ ನೆನೆದರೆ ಭಯ.

ಉತ್ತರ: ಭಯಕ್ಕೆ ಕಾರಣ ಇದೆ ಸರ್. 2018ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋರ್ಡನ್ ಮೆಕ್‌ನೇರ್ ಪ್ರಾಕ್ಟೀಸ್‌ನಲ್ಲಿ ಓಡುವಾಗ ಕುಸಿದ. ಯಾರೂ ಅವನ ಮೈ ಬಿಸಿ ಅಳೆಯಲಿಲ್ಲ, ತಣ್ಣೀರಿನ ಟಬ್‌ಗೂ ಇಳಿಸಲಿಲ್ಲ. ಎರಡು ವಾರದ ನಂತರ ತೀರಿಕೊಂಡ. ವಯಸ್ಸು 19. ಉಳಿಸಬಹುದಾಗಿದ್ದ ಜೀವ ಅದು.

ಇಂಥ ಹೊತ್ತಿನಲ್ಲಿ ನಾವು ಮಾಡುವುದು ಇಷ್ಟು. ಗುದದ್ವಾರದಲ್ಲಿ ಥರ್ಮಾಮೀಟರ್ ಇಡುತ್ತೇವೆ. ಹಣೆಗೆ, ಬಾಯಿಗೆ ಇಡುವುದನ್ನು ನಂಬುವಂತಿಲ್ಲ. 40 ಡಿಗ್ರಿ ಸೆಲ್ಸಿಯಸ್ ದಾಟಿ ಮಾತು ತೊದಲುತ್ತಿದ್ದರೆ ಕುತ್ತಿಗೆವರೆಗೆ ಐಸ್ ನೀರಿಗೆ ಇಳಿಸಿ, ಒಬ್ಬರು ತಲೆ ಹಿಡಿದುಕೊಂಡು, ಇನ್ನೊಬ್ಬರು ನೀರು ಕಲಕುತ್ತಾ ಇರಬೇಕು. ಆಂಬುಲೆನ್ಸ್ ಬಾಗಿಲಿಗೆ ಬಂದು ನಿಂತಿದ್ದರೂ ಮೊದಲು ತಣಿಸಬೇಕು, ಆಮೇಲೆ ಆಸ್ಪತ್ರೆ. ಅರ್ಧ ಗಂಟೆಯೊಳಗೆ 39ರ ಹತ್ತಿರ ಇಳಿಸಿದರೆ ಬದುಕುವ ಅವಕಾಶ ತುಂಬಾ ಜಾಸ್ತಿ.

ನಿಯಮವೂ ಬಿಗಿಯಾಗಿದೆ. ಮೈ ಬಿಸಿಲಿಗೆ ಒಗ್ಗಲಿ ಅಂತ ಕೊಡುವ ಅವಧಿ ಮೊದಲು 5 ದಿನ ಇತ್ತು, 2021ರಿಂದ 7. ಶುರುವಿನಲ್ಲಿ ಬರೀ ಹೆಲ್ಮೆಟ್, ಪ್ಯಾಡ್ ಎಲ್ಲ ಆಮೇಲೆ. ಕಾಲೇಜು ನೋಡಲು ಹೋದಾಗ ಜಿಮ್ ತೋರಿಸಿ ಮೆರೆಯುತ್ತಾರೆ. ನೀವು ಟಬ್ ಎಲ್ಲಿದೆ ಅಂತ ಕೇಳಿ.

ಅದೇ ತಂದೆ: ಕೋಚ್ ‘ಪರವಾಗಿಲ್ಲ, ಆಡು’ ಅಂದರೆ?

ಉತ್ತರ: ಅದು ಕೋಚ್ ಹೇಳುವ ಮಾತಲ್ಲ. ಯಾರು ಯಾವಾಗ ಮೈದಾನಕ್ಕೆ ಮರಳಬಹುದು ಅನ್ನುವುದು ತಂಡದ ವೈದ್ಯರ, ಟ್ರೈನರ್‌ಗಳ ತೀರ್ಮಾನ. ತಲೆಗೆ ಪೆಟ್ಟಾಗಿ ಕನ್‌ಕಷನ್ (ಪೆಟ್ಟಿಗೆ ಮಿದುಳು ಅಲುಗಾಡಿ ಆಗುವ ಗಾಯ) ಅಂತ ಗೊತ್ತಾದರೆ ಆ ದಿನ ಆಟ ಬಂದ್.

ಪ್ರಶ್ನೆ (ಮೈಸೂರಿನ ತಾಯಿ): ಕೊನೆಯದಾಗಿ, ಓದಲು ಸಮಯ ಸಿಗುತ್ತದಾ?

ಉತ್ತರ: ಸೀಸನ್‌ನಲ್ಲಿ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆ ಮಿತಿ. ವಾರಕ್ಕೊಂದು ರಜೆ. ಆದರೆ ಪ್ರಯಾಣ ಈ ಲೆಕ್ಕಕ್ಕೆ ಬರುವುದಿಲ್ಲ, ನನ್ನ ಹತ್ತಿರ ಚಿಕಿತ್ಸೆಗೆ ಬರುವ ಹೊತ್ತೂ ಇಲ್ಲ. ಭಾನುವಾರ ನಡುರಾತ್ರಿ ಬಸ್ ಇಳಿದು, ಸೋಮವಾರ ಬೆಳಿಗ್ಗೆ ಭುಜಕ್ಕೆ ಐಸ್ ಕಟ್ಟಿಕೊಂಡೇ ಕ್ಲಾಸಿಗೆ ಓಡುವ ಹುಡುಗಿಯರು ನಮ್ಮಲ್ಲಿದ್ದಾರೆ. ಹೋದ ಸೀಸನ್ನಿನ ಪ್ರಯಾಣದ ಪಟ್ಟಿ ಕೇಳಿ ತರಿಸಿಕೊಳ್ಳಿ, 20 ಗಂಟೆಯ ಆಚೆ ಎಷ್ಟು ಹೋಗುತ್ತದೆ ಅಂತ ಗೊತ್ತಾಗುತ್ತದೆ.